ಸರ್ಪಸುತ್ತು (ನಾಗೀಣ) : ಬೆಳೆಗಾರರ ಪ್ರಶ್ನೆಗಳು, ಉತ್ತರಗಳು, ಅದೇ ಹೆಸರಿನ ಛಾವಣಿಯ ಬಗ್ಗೆ ನಾಲ್ಕು ಮಾತು



ಈ ಪುಟದಲ್ಲಿ ಬೀಜ, ಗೊಬ್ಬರ, ನೀರು, ಕೂಳೆಯ ನಿಗಾ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಬೆಳೆಯ ರೋಗವನ್ನು ಬದಿಗಿಟ್ಟು ಬೆಳೆಗಾರನ ರೋಗವೊಂದನ್ನು ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣವಿದೆ.

ಕಳೆದ ನುರಿಸುವ ಹಂಗಾಮಿನಲ್ಲಿ ಅಕ್ಕಲಕೋಟ ಭಾಗದ ಒಂದು ಹಳ್ಳಿಗೆ ಕಟಾವಿನ ಸರದಿ ನೋಡಲು ಹೋಗಿದ್ದೆ. ನಮ್ಮ ಒಬ್ಬ ಹಿರಿಯ ಸದಸ್ಯರು ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತಿದ್ದರು. ಎಡಗಡೆಯ ಪಕ್ಕೆಯಿಂದ ಹೊಟ್ಟೆಯವರೆಗೆ ಜಾಜು ಬಳಿದಿತ್ತು. ಕೇಳಿದಾಗ, “ನಾಗೀಣ ಎದ್ದೈತ್ರಿ ಸಾಹೇಬ್ರ. ಹೆಡಿ ಬೆನ್ನ ಕಡೆ ಐತಿ, ಬಾಲ ಹೊಟ್ಟಿ ಕಡೆ ಬರಾಕತ್ತೈತಿ. ಎರಡೂ ಕೂಡಿದ್ರ ಮುಗೀತು” ಎಂದರು. ಪುಣೆಯಲ್ಲಿ ನೌಕರಿ ಮಾಡುವ ಅವರ ಮಗ ರಜೆಗೆ ಬಂದಿದ್ದ. ಈ ರೋಗಕ್ಕೆ ಇಂಗ್ಲಿಷಿನಲ್ಲಿ ‘ಶಿಂಗಲ್ಸ್’ ಅನ್ನುತ್ತಾರೆಂದು ಯಾರೋ ಹೇಳಿದ್ದರಂತೆ. ಮೊಬೈಲಿನಲ್ಲಿ ಆ ಶಬ್ದ ಹಾಕಿ ಹುಡುಕಿದರೆ ಬಂದದ್ದು ಮನೆಯ ಮೇಲೆ ಹೊದಿಸುವ ಹಂಚಿನಂಥ ತುಂಡುಗಳ ಚಿತ್ರ ಮತ್ತು ದರ! ನೆರೆದವರೆಲ್ಲ ನಕ್ಕರು. ಆದರೆ ಹಿರಿಯರ ಮುಖದ ಮೇಲಿನ ಭಯ ಹೋಗಲಿಲ್ಲ. ಗುಳ್ಳೆ ಎದ್ದು ಅಂದಿಗೆ ಎರಡನೆಯ ದಿನ. ಕೂಡಲೇ ಜೀಪಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆವು. ಮೂರು ವಾರಗಳಲ್ಲಿ ಅವರು ಗುಣವಾದರು.

ಆ ದಿನ ಕಟ್ಟೆಯ ಮೇಲೆ ಕೇಳಿದ, ಆಮೇಲೆ ಗಟ ಕಚೇರಿಯಲ್ಲಿಯೂ ಕೇಳಿಬಂದ ಪ್ರಶ್ನೆಗಳನ್ನು ಕ್ರಮವಾಗಿ ಜೋಡಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಕೃಷಿ ಪದವೀಧರ, ವೈದ್ಯನಲ್ಲ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಈ ಲೇಖನದ ಸಾರ ಒಂದೇ ಮಾತಿನಲ್ಲಿದೆ: ಸರ್ಪಸುತ್ತಿನಲ್ಲಿ ಭಯಪಡಬೇಕಾದದ್ದು ಹೆಡೆ ಬಾಲ ಕೂಡುವುದಕ್ಕಲ್ಲ, ಮೊದಲ ಮೂರು ದಿನ ಕೈತಪ್ಪಿ ಹೋಗುವುದಕ್ಕೆ.

ಪ್ರಶ್ನೆ 1 : ಸರ್ಪಸುತ್ತು ಅಂದರೆ ಏನು? ಹಾವಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ : ಯಾವ ಸಂಬಂಧವೂ ಇಲ್ಲ. ಮೈಯ ಒಂದು ಬದಿಗೆ ಪಟ್ಟಿಯ ಹಾಗೆ ನೀರುಗುಳ್ಳೆಗಳು ಏಳುತ್ತವೆ. ಆ ಆಕಾರವನ್ನು ನೋಡಿ ಕನ್ನಡದಲ್ಲಿ ಸರ್ಪಸುತ್ತು ಎಂದರು, ಮರಾಠಿಯಲ್ಲಿ ನಾಗೀಣ ಎಂದರು. ಇಂಗ್ಲಿಷಿನ ‘ಶಿಂಗಲ್ಸ್’ ಎಂಬ ಹೆಸರು ನಡುಪಟ್ಟಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ವೈದ್ಯರು ಬರೆಯುವ ‘ಹರ್ಪಿಸ್ ಜೋಸ್ಟರ್’ ಎಂಬ ಹೆಸರಿನಲ್ಲಿ ‘ಜೋಸ್ಟರ್’ ಎಂದರೆ ಗ್ರೀಕ್ ಭಾಷೆಯಲ್ಲಿ ಸೊಂಟದ ಪಟ್ಟಿ. ನಮ್ಮವರಿಗೆ ಹಾವು ಕಂಡಿತು, ಅವರಿಗೆ ಉಡದಾರ ಕಂಡಿತು, ಅಷ್ಟೇ ವ್ಯತ್ಯಾಸ. ಇದು ನಾಗದೋಷವೂ ಅಲ್ಲ, ಹೊಲದಲ್ಲಿ ಹಾವು ಹೊಡೆದದ್ದರ ಶಾಪವೂ ಅಲ್ಲ. ಇದಕ್ಕೆ ಕಾರಣ ಒಂದು ವೈರಸ್. ಚಿಕ್ಕಂದಿನಲ್ಲಿ ಬರುವ ಸೀತಾಳೆ ಸಿಡುಬಿಗೆ (ಮರಾಠಿಯಲ್ಲಿ ಕಾಂಜಿಣ್ಯಾ) ಕಾರಣವಾದದ್ದೂ ಅದೇ ವೈರಸ್. ಇದನ್ನು ದೊಡ್ಡ ಸಿಡುಬಿನೊಂದಿಗೆ ಬೆರೆಸಬಾರದು. ದೊಡ್ಡ ಸಿಡುಬು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿದೆ.

ಪ್ರಶ್ನೆ 2 : ಸೀತಾಳೆ ಸಿಡುಬು ಬಂದು ಹೋಗಿ ಐವತ್ತು ವರ್ಷವಾಯಿತು. ಈಗ ಮತ್ತೆ ಎಲ್ಲಿಂದ ಬಂತು?

ಉತ್ತರ : ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದದ್ದು. ಇದನ್ನು ಕಬ್ಬು ಬೆಳೆಗಾರರಿಗೆ ತಿಳಿಸಿ ಹೇಳುವುದು ಸುಲಭ. ಕಾಡಿಗೆ ರೋಗ ನಿಮಗೆಲ್ಲ ಗೊತ್ತು. ಬೀಜದ ತುಂಡು ಮೇಲ್ನೋಟಕ್ಕೆ ಚೊಕ್ಕಟವಾಗಿಯೇ ಕಾಣುತ್ತದೆ. ರೋಗ ಕಣ್ಣಿನೊಳಗೆ ಸುಪ್ತವಾಗಿ ಅಡಗಿರುತ್ತದೆ. ನಾಟಿ ಬೆಳೆಯಲ್ಲಿ ಅಲ್ಲೊಂದು ಇಲ್ಲೊಂದು ಗಡ್ಡೆಗೆ ಕಂಡು, ಕೂಳೆಯಲ್ಲಿ ಕಪ್ಪು ಚಾಟಿಯಾಗಿ ಹೊರಗೆ ಬರುತ್ತದೆ. ಸೀತಾಳೆ ಸಿಡುಬಿನದೂ ಹೀಗೆಯೇ. ಮೈಮೇಲಿನ ಗುಳ್ಳೆ ಒಣಗಿ ಹೋದರೂ ವೈರಸ್ ಪೂರ್ತಿ ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟುಗಳಲ್ಲಿ, ಮುಖಕ್ಕೆ ಹೋಗುವ ನರಗಳ ಗಂಟಿನಲ್ಲಿ ವರ್ಷಾನುಗಟ್ಟಲೆ ನಿದ್ರೆ ಮಾಡುತ್ತಿರುತ್ತದೆ. ವಯಸ್ಸಿನಿಂದಲೋ ಬೇರೆ ಕಾಯಿಲೆಯಿಂದಲೋ ಶರೀರದ ಕಾವಲು ಸಡಿಲವಾದಾಗ ಅದು ಎಚ್ಚರಗೊಂಡು, ಒಂದೇ ನರವನ್ನು ಹಿಡಿದುಕೊಂಡು ಚರ್ಮದವರೆಗೆ ಬರುತ್ತದೆ.

ಈ ಸಂಗತಿಯನ್ನು ಸ್ಪಷ್ಟವಾಗಿ ಮಂಡಿಸಿದವರು ಹೋಪ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಸಾಮಾನ್ಯ ವೈದ್ಯರು. ಸೈರನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಲೆಕ್ಕವನ್ನು 16 ವರ್ಷ ಬಿಡದೆ ಬರೆದಿಟ್ಟು, 1965ರಲ್ಲಿ ಅದನ್ನು ಪ್ರಕಟಿಸಿದರು. ದೊಡ್ಡ ಪ್ರಯೋಗಶಾಲೆಯಿಂದಲ್ಲ, ದಿನಾಲು ಬರೆದಿಟ್ಟ ವಹಿಯಿಂದ ಈ ಜ್ಞಾನ ಬಂತು. ಪ್ಲಾಟಿನ ಲೆಕ್ಕದ ವಹಿ ಇಡಿರಿ ಎಂದು ನಾವು ಹೇಳುವಾಗ ಬೇಸರಪಡುವ ಸದಸ್ಯರು ಇದನ್ನು ಗಮನಿಸಬೇಕು.

ಪ್ರಶ್ನೆ 3 : ಯಾರಿಗೆ ಬರುವ ಸಂಭವ ಹೆಚ್ಚು?

ಉತ್ತರ : ಸೀತಾಳೆ ಸಿಡುಬು ಬಂದು ಹೋದ ಯಾರಿಗೂ ಬರಬಹುದು. ತರುಣರಿಗೂ ಬರುವುದುಂಟು. ಆದರೆ 50 ವರ್ಷ ದಾಟಿದ ಮೇಲೆ ಸಂಭವ ಏರುತ್ತಾ ಹೋಗುತ್ತದೆ. ಅಮೆರಿಕದ ಲೆಕ್ಕದಂತೆ ಅಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಇದು ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುವವರು, ಎಚ್.ಐ.ವಿ. ಸೋಂಕು ಇದ್ದವರು, ಸಂಧಿವಾತ ಮುಂತಾದವುಗಳಿಗೆ ಬಹಳ ದಿನ ಸ್ಟೆರಾಯ್ಡ್ ಗುಳಿಗೆ ನುಂಗಿದವರು ಹೆಚ್ಚು ಎಚ್ಚರದಿಂದಿರಬೇಕು. ಸಾಮಾನ್ಯವಾಗಿ ಒಮ್ಮೆ ಬಂದವರಿಗೆ ಮತ್ತೆ ಬರುವುದು ಕಡಿಮೆ. ಆದರೆ ಬರುವುದೇ ಇಲ್ಲ ಎನ್ನುವಂತಿಲ್ಲ.

ಪ್ರಶ್ನೆ 4 : ಹೊಲದಲ್ಲಿ ದುಡಿಯುವವರಿಗೆ ಮೈಮೇಲೆ ಗುಳ್ಳೆ, ತುರಿಕೆ ಇದ್ದದ್ದೇ. ಇದು ಸರ್ಪಸುತ್ತು ಎಂದು ಗುರುತಿಸುವುದು ಹೇಗೆ?

ಉತ್ತರ : ಮೂರು ಲಕ್ಷಣಗಳನ್ನು ನೆನಪಿಡಬೇಕು.

(ಅ) ನೋವು ಮೊದಲು, ಗುಳ್ಳೆ ಆಮೇಲೆ. ಗುಳ್ಳೆ ಏಳುವ ಒಂದರಿಂದ ಐದು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು, ಜುಮುಜುಮು ಅನ್ನುವುದು ಶುರುವಾಗುತ್ತದೆ. ಅಂಗಿ ತಾಗಿದರೂ ಸಹಿಸಲಾಗುವುದಿಲ್ಲ. ಪಕ್ಕೆಯಲ್ಲಿ ಬಂದರೆ ಎದೆನೋವು ಎಂದೋ ಹರಳಿನ ನೋವು ಎಂದೋ ತಪ್ಪು ತಿಳಿಯುವುದುಂಟು.

(ಆ) ಒಂದೇ ಬದಿ. ಎಡಕ್ಕೆ ಇದ್ದರೆ ಎಡಕ್ಕೇ, ಬಲಕ್ಕೆ ಇದ್ದರೆ ಬಲಕ್ಕೇ. ಎದೆ, ಬೆನ್ನು, ಸೊಂಟಕ್ಕೆ ಬರುವುದು ಹೆಚ್ಚು. ಮುಖಕ್ಕೂ ಬರುತ್ತದೆ.

(ಇ) ಪಟ್ಟಿಯ ಆಕಾರ. ಕೆಂಪಗಾದ ಚರ್ಮದ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಏಳುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ಒಣಗಿ ಹಕ್ಕಳೆ ಕಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ.

ಹೊಲದಲ್ಲಿ ಆಗುವ ಬೇರೆ ತೊಂದರೆಗಳನ್ನು ಇದರೊಂದಿಗೆ ಹೋಲಿಸಿ ನೋಡಿರಿ. ಕಾಂಗ್ರೆಸ್ ಕಸದ ತೊಂದರೆ ಮುಖ, ಕುತ್ತಿಗೆ, ಮೊಳಕೈ ಹೀಗೆ ತೆರೆದ ಭಾಗಗಳಿಗೆ, ಎರಡೂ ಬದಿಗೆ ಬರುತ್ತದೆ. ನೋವಿಗಿಂತ ತುರಿಕೆ ಹೆಚ್ಚು. ಕಬ್ಬಿನ ಗರಿ ಕೊಯ್ದದ್ದು ಗೀರುಗೀರಾಗಿ ಕಾಣುತ್ತದೆ. ಔಷಧ ಸಿಂಪಡಿಸುವಾಗ ಪಂಪು ಸೋರಿ ಸುಟ್ಟದ್ದು ಸೋರಿದ ಜಾಗದಲ್ಲೇ ಇರುತ್ತದೆ. ರಾತ್ರಿ ದೀಪಕ್ಕೆ ಬರುವ ಕೆಲವು ಸಣ್ಣ ಹುಳುಗಳು ಮೈಮೇಲೆ ಉಜ್ಜಿದಾಗಲೂ ಗೆರೆಯ ಹಾಗೆ ಗುಳ್ಳೆ ಏಳುತ್ತವೆ. ಆದರೆ ಅದಕ್ಕೆ ಮೊದಲು ಎರಡು ಮೂರು ದಿನ ಒಳಗಿನಿಂದ ನೋವು ಬಂದಿರುವುದಿಲ್ಲ. ಸಂಶಯವಿದ್ದರೆ ಕಾಯದೆ ವೈದ್ಯರಿಗೆ ತೋರಿಸುವುದೇ ಲೇಸು. ಹೆಚ್ಚಾಗಿ ನೋಡಿದ ಮಾತ್ರಕ್ಕೆ ಅವರು ಗುರುತಿಸುತ್ತಾರೆ, ದುಬಾರಿ ಪರೀಕ್ಷೆ ಬೇಕಾಗುವುದಿಲ್ಲ.

ಪ್ರಶ್ನೆ 5 : ಹೆಡೆ ಮತ್ತು ಬಾಲ ಕೂಡಿದರೆ ಮನುಷ್ಯ ಸಾಯುತ್ತಾನೆ ಎಂಬುದು ನಿಜವೇ?

ಉತ್ತರ : ನಿಜವಲ್ಲ. ನಮ್ಮ ಮೈಯ ನರಗಳು ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಹೊರಡುತ್ತವೆ. ಎಡಗಡೆಯ ನರ ಬೆನ್ನಿನಿಂದ ಹೊರಟು ಪಕ್ಕೆ ಸುತ್ತಿ ಹೊಟ್ಟೆಯ ನಡುಗೆರೆಯವರೆಗೆ ಬಂದು ನಿಲ್ಲುತ್ತದೆ. ಬಲಗಡೆಯದು ಅದರಂತೆಯೇ ಆ ಬದಿಗೆ. ಒಂದೇ ಕಾಲುವೆಯಿಂದ ಎರಡು ಬದಿಗೆ ತೆಗೆದ ಸಾಲುಗಳಿದ್ದಂತೆ ಎನ್ನಿರಿ. ಎಡಗಡೆಯ ಸಾಲಿನಲ್ಲಿ ಬಿಟ್ಟ ನೀರು ಬಲಗಡೆಯ ಸಾಲಿಗೆ ಹೋಗುವುದಿಲ್ಲ. ವೈರಸ್ ಒಂದು ನರದ ಗಂಟಿನಿಂದ ಎದ್ದದ್ದರಿಂದ ಗುಳ್ಳೆಗಳು ಆ ನರದ ಸಾಲಿನಲ್ಲಿಯೇ ಉಳಿಯುತ್ತವೆ. ಇಂಗ್ಲೆಂಡಿನ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು 1900ರಲ್ಲಿಯೇ ಈ ರೋಗದ ಗುಳ್ಳೆಗಳನ್ನು ಅನುಸರಿಸಿ ಮೈಮೇಲೆ ಯಾವ ನರದ ಪಟ್ಟಿ ಎಲ್ಲಿದೆ ಎಂಬ ನಕ್ಷೆ ತೆಗೆದರು.

ಹೆಡೆ ಬಾಲ ಕೂಡುವುದು ಇಷ್ಟು ಅಪರೂಪವಾದ್ದರಿಂದಲೇ ‘ಕೂಡಲಿಲ್ಲ, ಬದುಕಿದ’ ಎಂಬ ಮಾತು ಊರೂರಲ್ಲಿ ಉಳಿದುಕೊಂಡಿದೆ. ಆದರೆ ಒಂದು ಎಚ್ಚರಿಕೆ. ಎರಡೂ ಬದಿಗೆ ಅಥವಾ ಮೈತುಂಬ ಗುಳ್ಳೆ ಹರಡಿದರೆ ಶರೀರದ ಕಾವಲು ಬಹಳ ಕುಗ್ಗಿದೆ ಎಂದು ತಿಳಿದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಪ್ರಶ್ನೆ 6 : ಔಷಧ ಇದೆಯೇ? ಮೂರು ದಿನ ಎಂದು ಯಾಕೆ ಹೇಳುತ್ತೀರಿ?

ಉತ್ತರ : ಇದೆ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಎಂಬ ಗುಳಿಗೆಗಳು ಈ ವೈರಸ್ ಬೆಳೆಯುವುದನ್ನು ತಡೆಯುತ್ತವೆ. ಅಸೈಕ್ಲೋವಿರ್ ಔಷಧ ರೂಪುಗೊಂಡ ಸಂಶೋಧನೆಯಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳಾ ವಿಜ್ಞಾನಿ ಪ್ರಮುಖರು. ಔಷಧ ಸಂಶೋಧನೆಗಾಗಿ ಅವರು 1988ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು.

ಈ ಗುಳಿಗೆಗಳು ವೈರಸ್ ಹೆಚ್ಚುವುದನ್ನು ನಿಲ್ಲಿಸುತ್ತವೆ, ಆಗಲೇ ಆದ ಹಾನಿಯನ್ನು ಸರಿಪಡಿಸುವುದಿಲ್ಲ. ಕಳೆನಾಶಕವನ್ನು ಕಳೆ ಸಣ್ಣದಿರುವಾಗ ಹೊಡೆದರೆ ಮಾತ್ರ ಫಲ; ಹೂವಾಗಿ ಬೀಜ ಉದುರಿದ ಮೇಲೆ ಹೊಡೆದರೆ ಹಣ ವ್ಯರ್ಥ. ಹಾಗೆಯೇ ಇಲ್ಲಿಯೂ. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ, ಅಂದರೆ ಮೂರು ದಿನದೊಳಗೆ ಗುಳಿಗೆ ಶುರುವಾದರೆ ಗುಳ್ಳೆ ಬೇಗ ಮಾಯುತ್ತವೆ, ನೋವಿನ ತೀವ್ರತೆ ಕಡಿಮೆಯಾಗುತ್ತದೆ. ಮೂರು ದಿನ ದಾಟಿದೆ ಎಂದು ಸುಮ್ಮನೆ ಕೂಡ್ರಬಾರದು. ಹೊಸ ಗುಳ್ಳೆ ಏಳುತ್ತಿದ್ದರೆ, ಮುಖಕ್ಕೆ ಬಂದಿದ್ದರೆ ಆಮೇಲೆಯೂ ವೈದ್ಯರು ಔಷಧ ಕೊಡುತ್ತಾರೆ.

ಸಾಮಾನ್ಯವಾಗಿ ಏಳು ದಿನ ಗುಳಿಗೆ ತೆಗೆದುಕೊಳ್ಳಬೇಕಾಗುತ್ತದೆ. ಅಸೈಕ್ಲೋವಿರ್ ಆದರೆ ದಿನಕ್ಕೆ ಐದು ಸಲ. ಎರಡು ದಿನಕ್ಕೆ ಉರಿ ಕಡಿಮೆಯಾಯಿತೆಂದು ನಿಲ್ಲಿಸಬಾರದು. ನೀರು ಚೆನ್ನಾಗಿ ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಅವರಿಗೆ ಪ್ರಮಾಣ ಬೇರೆ. ಔಷಧದಂಗಡಿಯಲ್ಲಿ ಕೇಳಿ ತಂದ ಬರೇ ಮುಲಾಮಿನಿಂದ ಈ ಕೆಲಸ ಆಗುವುದಿಲ್ಲ.

ಪ್ರಶ್ನೆ 7 : ನಮ್ಮ ಊರಿನಲ್ಲಿ ಮಂತ್ರ ಹಾಕಿ, ಜಾಜು ಹಚ್ಚಿ ಎಷ್ಟೋ ಜನರಿಗೆ ಗುಣವಾಗಿದೆ. ಅದು ಸುಳ್ಳೇ?

ಉತ್ತರ : ಗುಣವಾದದ್ದು ಸುಳ್ಳಲ್ಲ. ಸರ್ಪಸುತ್ತಿನ ಗುಳ್ಳೆ ಯಾವ ಔಷಧ ಮಾಡದಿದ್ದರೂ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಆ ಅವಧಿಯಲ್ಲಿ ಏನು ಹಚ್ಚಿದರೂ ಅದರಿಂದಲೇ ಗುಣವಾಯಿತು ಎಂದು ತೋರುತ್ತದೆ. ಮಂತ್ರ ಹಾಕುವವರು ಹೆಚ್ಚಿನವರು ದುಡ್ಡು ಮುಟ್ಟದ ಸಜ್ಜನರು. ಅವರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಮನಸ್ಸಿನ ಸಮಾಧಾನಕ್ಕೆ ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ. ಆದರೆ ಗುಳಿಗೆ ಮೊದಲು, ಮಂತ್ರ ಆಮೇಲೆ. ನಮ್ಮ ಮಂತ್ರದವರೇ ‘ಮೊದಲು ದವಾಖಾನಿಗೆ ಹೋಗಿ ಬಾ’ ಎಂದು ಹೇಳಿದರೆ ಊರಿಗೆ ದೊಡ್ಡ ಉಪಕಾರವಾಗುತ್ತದೆ.

ಜಾಜು, ಬೂದಿ, ಸೆಗಣಿ, ಸೊಪ್ಪಿನ ರಸ ಇವುಗಳನ್ನು ಒಡೆದ ಗುಳ್ಳೆಯ ಮೇಲೆ ಹಚ್ಚುವುದು ಬೇಡ. ಕೀವಾಗುತ್ತದೆ, ಕಲೆ ಉಳಿಯುತ್ತದೆ. ಗುಳ್ಳೆಯನ್ನು ಸುಡುವುದು, ಮುಳ್ಳಿನಿಂದ ಚುಚ್ಚುವುದು ಸರ್ವಥಾ ಕೂಡದು. ಶುದ್ಧ ನೀರಿನಿಂದ ತೊಳೆದು, ಒಣಗಿಸಿ, ತೆಳುವಾದ ಹತ್ತಿಯ ಬಟ್ಟೆ ಮುಚ್ಚಿದರೆ ಸಾಕು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಟ್ಟರೆ ಉರಿ ಶಮನವಾಗುತ್ತದೆ. ಸ್ನಾನ ಮಾಡಬಾರದು, ಉಪ್ಪು ಎಣ್ಣೆ ತಿನ್ನಬಾರದು ಎಂಬ ಪಥ್ಯಕ್ಕೆ ಆಧಾರವಿಲ್ಲ. ವಯಸ್ಸಾದವರನ್ನು ಉಪವಾಸ ಕೆಡವಿದರೆ ಇನ್ನಷ್ಟು ಸೊರಗುತ್ತಾರೆ. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ಎಂದಿನ ಪಥ್ಯವನ್ನು ಬಿಡಬಾರದು.

ಪ್ರಶ್ನೆ 8 : ಯಾವ ಲಕ್ಷಣ ಕಂಡರೆ ಒಂದು ದಿನವೂ ತಡಮಾಡಬಾರದು?

ಉತ್ತರ : ಹಣೆ, ರೆಪ್ಪೆ, ಮೂಗು ಇವುಗಳ ಮೇಲೆ ಗುಳ್ಳೆ ಎದ್ದರೆ. ಅದರಲ್ಲಿಯೂ ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿಗೆ ಅಪಾಯವಿದೆ ಎಂಬ ಸೂಚನೆ. ಮೂಗಿನ ತುದಿಗೂ ಕಣ್ಣಿನ ಒಳಗೂ ಹೋಗುವುದು ಒಂದೇ ನರದ ಕವಲು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಕಡೆ ಸೊಟ್ಟಗಾದರೆ, ಕಿವಿ ಮಂದವಾದರೆ, ತಲೆ ತಿರುಗಿದರೆ ಅದೂ ಹಾಗೆಯೇ. ಜೋರಾದ ಜ್ವರ, ಗೊಂದಲದ ಮಾತು, ಕುತ್ತಿಗೆ ಬಿಗಿತ ಇದ್ದರೂ ತಡಮಾಡಬಾರದು.

ಇಲ್ಲಿ ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. 2011ರ ಫೆಬ್ರುವರಿ ತಿಂಗಳು. ನಾನು ಆಗ ಕೃಷಿ ಸಹಾಯಕನಾಗಿದ್ದೆ. ಹಂಗಾಮು ಭರದಲ್ಲಿತ್ತು. ಊರಿನಿಂದ ತಾಯಿಯವರು ಫೋನು ಮಾಡಿ, “ಅಪ್ಪಗ ಹಣಿ ಬಲಕ್ಕ ಭಾಳ ಉರಿ ಅಂತ, ಸಣ್ಣ ಗುಳ್ಳಿ ಎದ್ದಾವ” ಎಂದರು. “ಕಬ್ಬಿನ ಗರಿ ತಾಗಿರಬೇಕು, ಐತವಾರ ಬರ್ತೀನಿ” ಎಂದೆ. ಕೃಷಿ ಪದವಿ ಪಡೆದವನ ಉತ್ತರ ಅದು. ಐತವಾರ ಹೋಗುವ ಹೊತ್ತಿಗೆ ಆರನೆಯ ದಿನ. ಹಣೆಯ ತುಂಬ ಜಾಜು, ಬಲಗಣ್ಣು ಬಾತು ಮುಚ್ಚಿತ್ತು, ಮೂಗಿನ ತುದಿಯಲ್ಲಿ ಎರಡು ಗುಳ್ಳೆ. ಸೋಲಾಪುರಕ್ಕೆ ಒಯ್ದೆವು. ಕಣ್ಣಿನ ವೈದ್ಯರು ನೋಡಿ, “ಮೂರು ದಿನ ಮೊದಲು ಬರಬೇಕಾಗಿತ್ತು” ಎಂದಷ್ಟೇ ಹೇಳಿದರು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಕರಿಗುಡ್ಡೆಯ ಮೇಲಿನ ಪೊರೆಗೆ ಕಲೆ ಬಿದ್ದು ಬಲಗಣ್ಣು ಮಬ್ಬಾಯಿತು. ಬೆಳಕು ನೆರಳು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಅಪ್ಪ ಇಂದಿಗೂ ಒಂದು ಮಾತು ಆಡಿಲ್ಲ. ಕಬ್ಬಿನ ಸಾಲಿನಲ್ಲಿ ನಡೆಯುವಾಗ ಬಲಗಡೆಯ ಗರಿ ಕೆನ್ನೆಗೆ ತಾಗುವ ತನಕ ಅವರಿಗೆ ತಿಳಿಯುವುದಿಲ್ಲ. ಅದನ್ನು ನೋಡಿದಾಗಲೆಲ್ಲ ಆ ಫೋನು ನೆನಪಾಗುತ್ತದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಪ್ರಶ್ನೆ 9 : ಇದು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆಯೇ?

ಉತ್ತರ : ಸರ್ಪಸುತ್ತು ಸರ್ಪಸುತ್ತಾಗಿ ಹತ್ತುವುದಿಲ್ಲ. ಆದರೆ ಸೀತಾಳೆ ಸಿಡುಬು ಬಾರದೆ ಇದ್ದವರು, ಅದರ ಲಸಿಕೆ ಹಾಕಿಸಿಕೊಳ್ಳದವರು ಗುಳ್ಳೆಯ ನೀರಿನ ಸಂಪರ್ಕಕ್ಕೆ ಬಂದರೆ ಅವರಿಗೆ ಸೀತಾಳೆ ಸಿಡುಬು ಬರಬಹುದು. ಆದ್ದರಿಂದ ಎಲ್ಲ ಗುಳ್ಳೆಗಳೂ ಹಕ್ಕಳೆ ಕಟ್ಟುವ ತನಕ ಬಟ್ಟೆ ಮುಚ್ಚಿಕೊಂಡಿರಬೇಕು, ಟವೆಲು ಹಾಸಿಗೆ ಬೇರೆ ಇಡಬೇಕು, ಕೈ ತೊಳೆಯುತ್ತಿರಬೇಕು. ಬಸುರಿ ಹೆಂಗಸರು, ಎಳೆಗೂಸುಗಳು, ದೀರ್ಘ ಕಾಯಿಲೆಯವರು ಇವರಿಂದ ದೂರ ಇರಬೇಕು. ಅಜ್ಜ ಮೊಮ್ಮಗನನ್ನು ಎತ್ತಿಕೊಳ್ಳುವುದನ್ನು ಎರಡು ವಾರ ಬಿಡಬೇಕು.

ಕಬ್ಬು ಕಡಿಯುವ ಟೋಳಿಗಳ ಕೊಪ್ಪಿಗಳಲ್ಲಿ ಇದು ಇನ್ನೂ ಮುಖ್ಯ. ಒಂದೇ ಕೊಪ್ಪಿಯಲ್ಲಿ ಮುದುಕರು, ಬಸುರಿಯರು, ಕೂಸುಗಳು ಕೂಡಿ ಮಲಗುತ್ತಾರೆ. ಕೂಲಿ ತಪ್ಪುತ್ತದೆಂದು ಅವರು ರೋಗ ಹೇಳಿಕೊಳ್ಳುವುದಿಲ್ಲ. ನಿಮ್ಮ ಹೊಲಕ್ಕೆ ಬಂದ ಟೋಳಿಯಲ್ಲಿ ಯಾರಿಗಾದರೂ ಇಂಥ ಗುಳ್ಳೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿಕೊಡಿರಿ. ನಿಮ್ಮ ಕಬ್ಬು ಕಡಿಯಲು ಬಂದವರು ಅಷ್ಟು ದಿನ ನಿಮ್ಮ ಮನೆಯವರೇ.

ಪ್ರಶ್ನೆ 10 : ಗುಳ್ಳೆ ಮಾಯ್ದು ಆರು ತಿಂಗಳಾದರೂ ಉರಿ ಹೋಗಿಲ್ಲ. ಏನು ಮಾಡಬೇಕು?

ಉತ್ತರ : ಇದು ನರಕ್ಕೆ ಆದ ಪೆಟ್ಟಿನ ನೋವು. ಗುಳ್ಳೆ ಎದ್ದು ಮೂರು ತಿಂಗಳ ಮೇಲೂ ಉಳಿದರೆ ವೈದ್ಯರು ಇದನ್ನು ಬೇರೆಯೇ ತೊಂದರೆ ಎಂದು ಪರಿಗಣಿಸುತ್ತಾರೆ. ನೂರರಲ್ಲಿ ಹತ್ತು ಹದಿನೈದು ಜನರಿಗೆ ಹೀಗಾಗುತ್ತದೆ. ವಯಸ್ಸು ಹೆಚ್ಚಿದಂತೆ ಸಂಭವವೂ ಹೆಚ್ಚು. ಹೊರಗೆ ಏನೂ ಕಾಣುವುದಿಲ್ಲವಾದ್ದರಿಂದ ಮನೆಯವರು ‘ನೆವ ಮಾಡುತ್ತಾರೆ’ ಎನ್ನುತ್ತಾರೆ. ಅದು ಅನ್ಯಾಯ. ಸಾಮಾನ್ಯ ನೋವಿನ ಗುಳಿಗೆಯಿಂದ ಇದು ಹೋಗುವುದಿಲ್ಲ. ಪ್ರತಿದಿನ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ. ನರದ ನೋವಿಗೆಂದೇ ಬೇರೆ ಗುಳಿಗೆಗಳಿವೆ. ಸಣ್ಣ ಪ್ರಮಾಣದಿಂದ ಶುರು ಮಾಡಿ ವೈದ್ಯರು ನಿಧಾನವಾಗಿ ಹೆಚ್ಚಿಸುತ್ತಾರೆ. ತಾಳ್ಮೆಯಿಂದ ತೆಗೆದುಕೊಳ್ಳಬೇಕು.

ಪ್ರಶ್ನೆ 11 : ಬಾರದಂತೆ ಲಸಿಕೆ ಇದೆಯೇ?

ಉತ್ತರ : ಇದೆ. ಶಿಂಗ್ರಿಕ್ಸ್ ಎಂಬ ಲಸಿಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. 50 ವರ್ಷ ಮೀರಿದವರಿಗೆ ಎರಡು ಡೋಸು. ಎರಡರ ನಡುವೆ ಎರಡರಿಂದ ಆರು ತಿಂಗಳ ಅಂತರ. ಪ್ರಯೋಗಗಳಲ್ಲಿ ಇದು ನೂರಕ್ಕೆ 90ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿದೆ. ಆದರೆ ಬೆಲೆ ದುಬಾರಿ. ಸರಕಾರದ ಉಚಿತ ಲಸಿಕೆಗಳಲ್ಲಿ ಇದು ಸೇರಿಲ್ಲ. ಅನುಕೂಲವಿದ್ದವರು, ವಿಶೇಷವಾಗಿ ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ ವಿಚಾರ ಮಾಡಬಹುದು. ಅನುಕೂಲವಿಲ್ಲದವರಿಗೆ ಉಳಿದ ರಕ್ಷಣೆ ಒಂದೇ: ಬೇಗ ಗುರುತಿಸುವುದು, ಬೇಗ ಹೋಗುವುದು.

ಪ್ರಶ್ನೆ 12 : ಹಾಗಾದರೆ ಮೊಬೈಲಿನಲ್ಲಿ ಬಂದ ಆ ಛಾವಣಿ ಯಾವುದು? ಹೊಲದ ಮನೆಗೆ ಹಾಕಬಹುದೇ?

ಉತ್ತರ : ಕಟ್ಟೆಯ ಮೇಲೆ ಹುಡುಗ ಕೇಳಿದ ಈ ಪ್ರಶ್ನೆಯನ್ನೂ ಬಿಡುವುದು ಬೇಡ. ಆ ‘ಶಿಂಗಲ್ಸ್’ ಬೇರೆ ಶಬ್ದ. ಸೀಳಿದ ಹಲಗೆ ಎಂಬ ಅರ್ಥದ ಲ್ಯಾಟಿನ್ ಮೂಲದ್ದು. ಎರಡು ಮೂಲಗಳು ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಕ್ಕೆ ಬಂದಿವೆ. ಸಣ್ಣ ಸಣ್ಣ ತೆಳು ತುಂಡುಗಳನ್ನು ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಹೊದಿಸುವುದು ಅದರ ಪದ್ಧತಿ. ಹಿಮಾಚಲ ಪ್ರದೇಶದಲ್ಲಿ ದೇವದಾರು ಹಲಗೆಯಿಂದಲೂ ಕಲ್ಲಿನ ತೆಳು ಚಪ್ಪಡಿಯಿಂದಲೂ ಹೀಗೆ ಹೊದಿಸಿದ ಗುಡಿ, ಮನೆಗಳಿವೆ. ಅಮೆರಿಕದಲ್ಲಿ ಡಾಂಬರು ಲೇಪಿಸಿದ ತುಂಡುಗಳು ಹೆಚ್ಚು ಬಳಕೆಯಲ್ಲಿವೆ. ಹುಡುಗ ನೋಡಿದ್ದು ಅವನ್ನೇ.

ಹೊಲದ ಮನೆಗೆ ಡಾಂಬರಿನ ತುಂಡುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಹಂಚಿನ ಹಾಗೆ ಬರೇ ರೀಪಿನ ಮೇಲೆ ಅವು ಕೂಡ್ರುವುದಿಲ್ಲ. ಕೆಳಗೆ ಸಂದಿಲ್ಲದಂತೆ ಹಲಗೆ ಅಥವಾ ಪ್ಲೈವುಡ್ ಹಾಸಿ ಮೊಳೆ ಹೊಡೆಯಬೇಕು. ಆ ಖರ್ಚು ದೊಡ್ಡದು. ಹೊಲದಲ್ಲಿ ಗೆದ್ದಲಿನ ಕಾಟ ಬೇರೆ. ಇಳಿಜಾರೂ ಸಾಕಷ್ಟು ಬೇಕು. 12 ಅಡಿ ಓಟಕ್ಕೆ 4 ಅಡಿ ಏರು ಇಡುವುದು ರೂಢಿ. 2 ಅಡಿಗಿಂತ ಕಡಿಮೆ ಇದ್ದರೆ ಹಾಕಲೇಬಾರದು. ಚಪ್ಪಟೆಯಾದ ನಮ್ಮ ಮಣ್ಣಿನ ಮಾಳಿಗೆಗೆ ಅದು ಹೊಂದುವುದಿಲ್ಲ. ಮೇಲಾಗಿ ಕಪ್ಪು ಡಾಂಬರು ನಮ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಲು ಶುರು ಮಾಡಿದ ಮಂಗಳೂರು ಹಂಚು ಇಳಿಜಾರು ಛಾವಣಿಗೆ ಇಂದಿಗೂ ಒಳ್ಳೆಯದು. ಒಡೆದ ಒಂದು ಹಂಚನ್ನು ಮನೆಯವರೇ ಬದಲಿಸಿಕೊಳ್ಳಬಹುದು.

ಪ್ರಶ್ನೆ 13 : ಆ ಹೊದಿಸುವ ಪದ್ಧತಿಯಿಂದ ನಾವು ಕಲಿಯುವುದೇನಾದರೂ ಇದೆಯೇ?

ಉತ್ತರ : ಇದೆ. ಕಬ್ಬಿನ ರವದಿಯಿಂದ ಹೊಲದ ಗುಡಿಸಲು, ದನದ ಚಪ್ಪರ ಹೊದಿಸುವವರು ಇದನ್ನು ಗಮನಿಸಬೇಕು. ಹೊದಿಸುವುದನ್ನು ಯಾವಾಗಲೂ ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನ ಸಾಲಿನ ಬುಡ ಕೆಳಗಿನ ಸಾಲಿನ ಕಟ್ಟನ್ನು ಮುಚ್ಚಬೇಕು. ಒಂದು ಸಾಲಿನ ಸಂದಿಯ ನೇರಕ್ಕೆ ಮೇಲಿನ ಸಾಲಿನ ಸಂದಿ ಬರಬಾರದು. ಇಷ್ಟು ಮಾಡಿದರೆ ಮಳೆಯ ನೀರು ಒಳಗೆ ಇಳಿಯದೆ ಒಂದರ ಮೇಲಿಂದ ಒಂದರ ಮೇಲೆ ಜಾರಿ ಹೋಗುತ್ತದೆ. ಒಣ ರವದಿಗೆ ಬೆಂಕಿಯ ಭಯ ಇದ್ದೇ ಇದೆ. ಒಲೆಯನ್ನು ಗುಡಿಸಲಿನ ಹೊರಗೆ, ಗಾಳಿ ಬೀಸುವ ದಿಕ್ಕನ್ನು ನೋಡಿ ಇಡಬೇಕು. ಹೊದಿಸಿ ಉಳಿದ ರವದಿಯನ್ನು ಸುಡದೆ ಕೂಳೆಯ ಸಾಲಿನಲ್ಲಿ ಹಾಸಿರಿ ಎಂದು ಮತ್ತೆ ಹೇಳಬೇಕಾಗಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಒಂದೇ ಬದಿಗೆ ಉರಿ, ಅದರ ಹಿಂದೆಯೇ ಪಟ್ಟಿಯ ಹಾಗೆ ನೀರುಗುಳ್ಳೆ ಬಂದರೆ ಸರ್ಪಸುತ್ತು ಎಂದು ಸಂಶಯಪಡಿರಿ.
2. ಗುಳ್ಳೆ ಕಂಡ ದಿನವನ್ನು ಎಣಿಸಿರಿ. ಮೂರು ದಿನದೊಳಗೆ ದವಾಖಾನೆ ಮುಟ್ಟಿರಿ.
3. ಹಣೆ, ಕಣ್ಣು, ಮೂಗಿನ ತುದಿ, ಕಿವಿ ಇವುಗಳಿಗೆ ಬಂದರೆ ಅದೇ ದಿನ ಹೋಗಿರಿ.
4. ಹೆಡೆ ಬಾಲ ಕೂಡುವ ಭಯ ಬೇಡ. ಜಾಜು, ಬೂದಿ ಬೇಡ.
5. ಗುಳಿಗೆಯನ್ನು ಹೇಳಿದಷ್ಟು ದಿನ ಪೂರ್ತಿ ನುಂಗಿರಿ.
6. ಹಕ್ಕಳೆ ಕಟ್ಟುವ ತನಕ ಬಸುರಿಯರು, ಕೂಸುಗಳಿಂದ ದೂರವಿರಿ.
7. ಗುಳ್ಳೆ ಮಾಯ್ದ ಮೇಲೂ ನೋವಿದೆ ಎಂದು ಹಿರಿಯರು ಹೇಳಿದರೆ ನಂಬಿರಿ.

ಹಂಗಾಮಿನಲ್ಲಿ ಕಟಾವಿನ ಚೀಟಿ ಬಂದರೆ ರಾತ್ರಿಯೆನ್ನದೆ ಹೊಲಕ್ಕೆ ಓಡುವ ನಾವು, ಮನೆಯ ಹಿರಿಯರು ‘ಉರಿ’ ಎಂದಾಗ ‘ಐತವಾರ ನೋಡೋಣ’ ಎನ್ನುತ್ತೇವೆ. ಕಬ್ಬು ಒಂದು ವಾರ ತಡವಾದರೆ ತೂಕದಲ್ಲಿ ಸ್ವಲ್ಪ ಹೋದೀತು, ಬರುವ ವರ್ಷ ಮತ್ತೆ ಬೆಳೆದೀತು. ಕಣ್ಣು ಹಾಗಲ್ಲ. ಈ ಪುಟವನ್ನು ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕೆಂದು ವಿನಂತಿ.

ಇತಿ ನಿಮ್ಮವನು,
ಕಬ್ಬು ಅಭಿವೃದ್ಧಿ ಅಧಿಕಾರಿ